ಮೂರು ವರ್ಷ ಜೋಪಾನ ಮಾಡಿದ್ದ ಕತ್ತಲೆ

ಮಾನ್ಯ ಆಡಳಿತಾಧಿಕಾರಿಗಳೇ,

ನಮ್ಮ ಸಂಶೋಧನಾ ಕೇಂದ್ರದ ವಿದ್ಯಾರ್ಥಿನಿ ತನುಜಾಳ ಅವಧಿಯನ್ನು ವಿಸ್ತರಿಸಲಾಗದು ಎಂದು ನೀವು ಕಳಿಸಿದ ಪತ್ರದಲ್ಲಿ ‘ಅಭ್ಯರ್ಥಿಯು ತನ್ನ ಮಾದರಿಗಳನ್ನು ಜೋಪಾನವಾಗಿ ಇಟ್ಟುಕೊಂಡಿಲ್ಲ’ ಎಂದು ಬರೆದಿದ್ದೀರಿ. ಇದು ಸುಳ್ಳು. ಅವನ್ನು ಹಾಳು ಮಾಡಿದವನು ನಾನು, ಮಾಡಿಸಿದವರು ನೀವು. ಹೀಗೆಂದು ನಿಮ್ಮ ಕಚೇರಿಗೆ ಎರಡು ಸಲ ಬರೆದುಕೊಟ್ಟೆ. ಪ್ರಯೋಗಾಲಯ ಸಹಾಯಕನ ಹೇಳಿಕೆ ತೆಗೆದುಕೊಳ್ಳುವ ಪದ್ಧತಿ ಇಲ್ಲವಂತೆ. ಅದಕ್ಕೇ ಈಗ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗಿ ಏನು ಮಾಡುತ್ತಿದ್ದಳೆಂದು ನಿಮಗೆ ಗೊತ್ತಿರಲಿಕ್ಕಿಲ್ಲ, ವಾರ್ಷಿಕ ವರದಿಯಲ್ಲಿ ಅವಳ ಫೋಟೋ ಹಾಕಿಸಿದವರು ನೀವೇ ಆದರೂ. ನನ್ನದು ಪಿಯುಸಿವರೆಗಿನ ರಸಾಯನಶಾಸ್ತ್ರ. ಆದರೆ ಇಪ್ಪತ್ತಾರು ವರ್ಷ ಗಾಜು ತೊಳೆದವನಿಗೆ ಒಂದಿಷ್ಟು ತಿಳಿಯುತ್ತದೆ. ಬೆಳಕು ಬಿದ್ದರೆ ಆಕಾರ ಬದಲಿಸುವ, ಕತ್ತಲಾದರೆ ಮೊದಲಿನಂತಾಗುವ ಅಣುಗಳಿವೆ. ಅವನ್ನು ಪಾಲಿಮರ್‌ನೊಳಗೆ ಸೇರಿಸಿ ಉಗುರಿನಗಲದ ತೆಳು ಪಟ್ಟಿಗಳನ್ನು ಮಾಡುತ್ತಿದ್ದಳು. ನೇರಳೆ ದೀಪ ಹಿಡಿದರೆ ಪಟ್ಟಿ ಬಾಗುತ್ತಿತ್ತು, ದೀಪ ಆರಿಸಿದರೆ ನೆಟ್ಟಗಾಗುತ್ತಿತ್ತು. ತಂತಿಯಿಲ್ಲ, ಬ್ಯಾಟರಿಯಿಲ್ಲ. ಒಂದು ದಿನ ಪಟ್ಟಿಯ ತುದಿಯಲ್ಲಿ ಸಾಸಿವೆ ಕಾಳು ಇಟ್ಟು ಎತ್ತಿಸಿ ತೋರಿಸಿದಾಗ ನಾನೂ ಕಸ ಗುಡಿಸುವ ಪ್ರೇಮಮ್ಮನೂ ಬಾಯಿ ಬಿಟ್ಟುಕೊಂಡು ನೋಡಿದೆವು. “ಇದಕ್ಕೇನು ಜೀವ ಐತೇನೇ ಮಾರಾಯ್ತಿ?” ಎಂದಳು ಪ್ರೇಮಮ್ಮ.

ಬಾಗಿ ಬಾಗಿ ಈ ಪಟ್ಟಿಗಳು ದಣಿಯುತ್ತವೆ. ಎಷ್ಟು ದಣಿದವು ಎಂದು ಅಳೆಯಬೇಕಾದರೆ ಅಷ್ಟೇ ವಯಸ್ಸಿನ, ಬೆಳಕನ್ನೇ ಕಾಣದ ಪಟ್ಟಿಗಳು ಪಕ್ಕದಲ್ಲಿರಬೇಕು. ಅಂಥ ನಲವತ್ತು ಪಟ್ಟಿಗಳನ್ನು ತನುಜಾ ಕಪ್ಪು ಕಾಗದ ಸುತ್ತಿದ ಡಬ್ಬಿಗಳಲ್ಲಿ, ಕಿಟಕಿಗೂ ಕಪ್ಪು ಕಾಗದ ಅಂಟಿಸಿದ ಒಳಕೋಣೆಯಲ್ಲಿ, ಮೂರು ವರ್ಷ ಇಟ್ಟಿದ್ದಳು. “ಉಜ್ಜನಪ್ಪಣ್ಣ, ಪಟ್ಟಿ ಬೇಕಾದ್ರೆ ವಾರದಲ್ಲಿ ಮಾಡ್ತೀನಿ. ಮೂರು ವರ್ಷ ಹಳೇದು ಎಲ್ಲಿಂದ ತರ್ಲಿ?” ಎನ್ನುತ್ತಿದ್ದಳು.

ಆಮೇಲೆ ಪರಿಶೀಲನಾ ಸಮಿತಿ ಬರುವ ಸುದ್ದಿ ಬಂತು. ಸಮಿತಿ ಬರುತ್ತದೆಂದರೆ ನಮ್ಮಲ್ಲಿ ಏನೇನು ನಡೆಯುತ್ತದೆಂದು ಹೇಳಬೇಕೆ? ಗೋಡೆಗೆ ಸುಣ್ಣ, ಗೇಟಿಗೆ ಫ್ಲೆಕ್ಸ್, ಬಾಡಿಗೆಗೆ ತಂದ ಹೂಕುಂಡ. ಹಿಂದಿನ ದಿನ ನೀವೇ ಒಳಕೋಣೆಗೆ ಬಂದಿರಿ. “ಏನ್ರೀ ಇದು, ಸೂತಕದ ಮನೆ ಥರ? ಕಿತ್ತು ಹಾಕಿ ಆ ಕರೀ ಕಾಗದ. ಒಳಗಿರೋದೆಲ್ಲ ಕಾಣೋ ಹಾಗೆ ಹರಡಿ” ಎಂದಿರಿ. ತನುಜಾ ಡೆಂಗಿ ಜ್ವರದಲ್ಲಿ ಭದ್ರಾವತಿಯ ಮನೆಯಲ್ಲಿ ಮಲಗಿದ್ದಳು. “ಸಾರ್, ತನುಜಾ ಮೇಡಂ ಬರ್ಲಿ, ಕೇಳಿ ತೆಗೀತೀನಿ” ಎಂದೆ. “ಸಂಬಳ ಕೊಡೋದು ಮೇಡಮ್ಮೋ ನಾವೋ?” ಎಂದಿರಿ. ನೆನಪಿದೆಯೇ? ನನಗಂತೂ ಮರೆಯುವ ಹಾಗಿಲ್ಲ.

ಕಿತ್ತೆ. ಡಬ್ಬಿಗಳ ಮೇಲೆ ‘ತೆರೆಯಬೇಡಿ’ ಎಂದು ಅವಳು ದಪ್ಪಕ್ಷರದಲ್ಲಿ ಬರೆದಿದ್ದಳು. ಓದಿಯೇ ತೆರೆದೆ. ಬಿಳಿ ಬಟ್ಟೆ ಹಾಸಿ, ಪಶ್ಚಿಮದ ಕಿಟಕಿಯ ಕೆಳಗೆ ನಲವತ್ತನ್ನೂ ಸಾಲಾಗಿ ಜೋಡಿಸಿದೆ. ಸಮಿತಿಯ ಭೇಟಿ ನಾಲ್ಕು ದಿನ ಮುಂದೆ ಹೋಯಿತು. ‘ಹಾಗೇ ಇರಲಿ, ಯಾರೂ ಮುಟ್ಟಕೂಡದು’ ಎಂದು ನಿಮ್ಮ ಕಚೇರಿಯಿಂದ ಚೀಟಿ ಬಂತು. ಮಾರ್ಚ್ ತಿಂಗಳ ಶಿವಮೊಗ್ಗದ ಬಿಸಿಲು ನಾಲ್ಕು ದಿನವೂ ಅವುಗಳ ಮೇಲೆ ಬಿತ್ತು. ಕೊನೆಗೂ ಬಂದ ಸಮಿತಿ ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆ ನೋಡಿ, ಮಧ್ಯಾಹ್ನ ಹೋಳಿಗೆ ಊಟ ಮಾಡಿ, ಹೂಕುಂಡಗಳನ್ನು ಹೊಗಳಿ ಸಹಿ ಹಾಕಿತು. ನಮ್ಮ ಮಹಡಿಗೆ ಒಬ್ಬರೂ ಹತ್ತಲಿಲ್ಲ.

ಮರುದಿನ ತನುಜಾ ಬಂದಳು. ಕೂಗಾಡಲಿಲ್ಲ. ಒಂದೊಂದೇ ಪಟ್ಟಿಯನ್ನು ನೇರಳೆ ದೀಪದ ಕೆಳಗೆ ಹಿಡಿದು ನೋಡಿದಳು. ಕೆಲವು ಅಲುಗಲಿಲ್ಲ, ಕೆಲವು ಅರ್ಧ ಬಾಗಿ ನಿಂತವು. ನಲವತ್ತೂ ಮುಗಿಯುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. “ನೀವೇನ್ ಮಾಡ್ತೀರಿ ಅಣ್ಣ, ಹೇಳಿದ್ರು, ಮಾಡಿದ್ರಿ” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಈಗಲೂ ಆ ಕೋಣೆಗೆ ಹೋಗಲು ನಾಚಿಕೆಯಾಗುತ್ತದೆ.

ಪ್ರವಾಹ, ಬೆಂಕಿ, ದೀರ್ಘ ಕಾಯಿಲೆ ಇದ್ದರೆ ಮಾತ್ರ ವಿಸ್ತರಣೆ ಎನ್ನುತ್ತದೆ ನಿಮ್ಮ ನಿಯಮ. ಆಡಳಿತಾಧಿಕಾರಿ ಬಂದು ಹೋದದ್ದು ಯಾವುದರೊಳಗೆ ಬರುತ್ತದೆ ಸ್ವಾಮಿ? ಇರಲಿ, ವಿಸ್ತರಣೆಯ ಆಸೆಯನ್ನು ಅವಳೂ ಬಿಟ್ಟಿದ್ದಾಳೆ, ನಾನೂ ಬಿಟ್ಟಿದ್ದೇನೆ. ಆದರೆ ಬೇರೆ ಎರಡು ಕಡೆ ಕೆಲಸ ಕೇಳಿಕೊಂಡು ಹೋದಾಗ, ಸಂಶೋಧನೆ ಏಕೆ ನಿಂತಿತೆಂದು ಕೇಳಿದವರಿಗೆ ಅವಳು ತೋರಿಸಬೇಕಾದದ್ದು ನಿಮ್ಮ ಆ ಪತ್ರವನ್ನೇ. ಓದಿದವರು ‘ತಿಳಿಸುತ್ತೇವೆ’ ಎಂದು ಕಳಿಸಿದರು. ಈಗ ಅರ್ಜಿ ಹಾಕುವುದನ್ನೇ ನಿಲ್ಲಿಸಿದ್ದಾಳೆ.

ಆ ಒಂದು ವಾಕ್ಯವನ್ನು ಹೊಡೆದುಹಾಕಿ. ನಿಮ್ಮ ಹೆಸರು ಬರೆಯಿರಿ ಎನ್ನುವಷ್ಟು ದಡ್ಡನಲ್ಲ ನಾನು. ‘ಸಹಾಯಕ ಉಜ್ಜನಪ್ಪನ ಅಜಾಗರೂಕತೆಯಿಂದ’ ಎಂದು ಬರೆಯಿರಿ, ಕೆಳಗೆ ಸಹಿ ಹಾಕುತ್ತೇನೆ. ನನ್ನ ನಿವೃತ್ತಿಗೆ ಏಳು ತಿಂಗಳಿದೆ, ಶಿಕ್ಷೆ ಕೊಡಲು ಅಷ್ಟು ಸಾಕು. ನೀವು ಇದನ್ನೂ ಮಾಡುವುದಿಲ್ಲವೆಂದು ಗೊತ್ತಿದೆ. ತಪ್ಪು ಅವಳದಲ್ಲ ಎಂದು ಎಲ್ಲಾದರೂ ಒಂದು ಕಡೆ ಅಚ್ಚಾಗಿರಲಿ ಎಂದು ಬರೆದೆ.

ಇಂತಿ,
ನಿಮ್ಮ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ
ಉಜ್ಜನಪ್ಪ