ಪ್ರಜ್ಞೆ ಇಲ್ಲದವರ ಪರವಾಗಿ

ಮಾರ್ಚ್ ೯, ಭಾನುವಾರ

ಅಕ್ಕಾ,

ಹೇಗಿದ್ದೀಯಾ? ಬಾವ, ಮಕ್ಕಳು ಚೆನ್ನಾಗಿದ್ದಾರಾ? ದಮ್ಮಯ್ಯ, ಹರಿದು ಬಿಸಾಡಬೇಡ, ಪೂರ್ತಿ ಓದು. ಅಮ್ಮನ ಮನೆ ಮಾರಿದ ದಿನ ನೀನು ‘ಇನ್ನು ನಿನ್ನ ಮುಖ ನೋಡಲ್ಲ’ ಅಂದೆ, ನಾನೂ ‘ನೋಡಬೇಡ ಹೋಗು’ ಅಂದೆ. ಆಮೇಲೆ ಎಷ್ಟು ಸಲ ಬರೆಯೋಕೆ ಕೂತೆನೋ, ಎಷ್ಟು ಸಲ ಸಿಟ್ಟು ಬಂದು ಎದ್ದೆನೋ. ತಡವಾಯ್ತು. ಈಗ ನೀನು ನನ್ನ ಜೊತೆ ಮಾತಾಡಬೇಕು, ಅಷ್ಟೇ.

ನನ್ನ ಕೆಲಸ ಈಗ ಐಸಿಯು ಬಾಗಿಲಲ್ಲಿ. ಉಸಿರಿನ ಯಂತ್ರದಲ್ಲಿರೋರಿಗೆ ಆಕ್ಸಿಜನ್ ಸ್ವಲ್ಪ ಕಡಿಮೆ ಕೊಟ್ಟರೂ ಸಾಕಾ ಅಂತ ಒಂದು ಸಂಶೋಧನೆ ನಡೀತಿದೆ. ಅವರಿಗೆ ಪ್ರಜ್ಞೆ ಇರಲ್ಲವಲ್ಲ, ಹೊರಗೆ ಅಳುತ್ತಾ ಕೂತ ಮನೆಯವರನ್ನು ನಾನು ಕೇಳಬೇಕು: ‘ಇವರನ್ನು ಸೇರಿಸಿಕೊಳ್ಳಬಹುದಾ? ಬೇಡ ಅಂದರೂ ಚಿಕಿತ್ಸೆ ನಿಲ್ಲಲ್ಲ.’ ಥೂ, ಗಾಯದ ಮೇಲೆ ಬರೆ ಎಳೆಯೋ ಕೆಲಸ! ಒಂದು ಕಡೆ ಕೂರೋಕಾಗಲ್ಲ, ಕಾರಿಡಾರಿನಲ್ಲಿ ಸುತ್ತುತ್ತಲೇ ಇರ್ತೀನಿ.

ಹೋದ ತಿಂಗಳು ನ್ಯುಮೋನಿಯಾ ಅಂತ ಒಬ್ಬ ಬಡಗಿ ಬಂದ. ಬೆಂಚಿನ ಮೇಲೆ ಅವನ ತಮ್ಮ ಒಬ್ಬನೇ, ಬಸ್ ಡ್ರೈವರು, ಯೂನಿಫಾರಂನಲ್ಲೇ ಓಡಿಬಂದಿದ್ದ. ‘ಅಣ್ಣನಿಗೆ ತೊಂದರೆ ಆಗಲ್ಲ ತಾನೆ?’ ಅಂದ. ‘ಆಗೋದೇ ಇಲ್ಲ ಅನ್ನೋಕಾಗಲ್ಲ, ಕಣ್ಣಿಟ್ಟಿರ್ತೀವಿ’ ಅಂದೆ. ಯೋಚಿಸಿ ಯೋಚಿಸಿ ಸಹಿ ಹಾಕಿದ. ‘ಅಣ್ಣ ತಮ್ಮ ಮಾತು ಬಿಟ್ಟಿಲ್ಲ ತಾನೆ?’ ಅಂತ ನಾನ್ಯಾಕೆ ಕೇಳಲಿ?

ಎಚ್ಚರ ಬಂದ ಮೇಲೆ ರೋಗಿಯನ್ನೇ ಮತ್ತೆ ಕೇಳಬೇಕು, ಅದು ನಿಯಮ. ‘ನಿಮ್ಮ ತಮ್ಮ ಒಪ್ಪಿದ್ದರು’ ಅಂದೆ ನೋಡು, ಬಡಗಿ ಕೆರಳಿಬಿಟ್ಟ. ಗಂಟಲು ಕಟ್ಟಿದ್ದರೂ ಬಿಡಲಿಲ್ಲ: ‘ಅವನ್ಯಾವನ್ರೀ ನನ್ನ ಪರವಾಗಿ ಹೇಳೋಕೆ? ನನ್ನ ಹೆಣಕ್ಕೂ ಬರಬೇಡ ಅಂದಿದ್ದೆ!’ ಆಮೇಲೆ ಅವನೇ, ‘ಹೊರಗಿದ್ದಾನಾ?’ ಅಂದ. ಇದ್ದಾರೆ ಅಂದೆ. ‘ಕರೀರಿ, ಬೈಬೇಕು.’

ಬೈದ ಅಕ್ಕಾ, ಬಾಯಿಗೆ ಬಂದ ಹಾಗೆ! ಸುಸ್ತಾಗಿ ನೀರು ಕೇಳಿದ, ತಮ್ಮ ಚಮಚದಲ್ಲಿ ಕುಡಿಸಿದ. ಸಂಶೋಧನೆಗೆ ಮಾತ್ರ ಬಡಗಿ ‘ಆಗಲ್ಲ’ ಅಂದುಬಿಟ್ಟ. ಡಾಕ್ಟರು ಮುಖ ಊದಿಸಿಕೊಂಡರು. ನನಗೆ ಆ ತಮ್ಮನನ್ನು ನೋಡಿ ಹೊಟ್ಟೆಕಿಚ್ಚು.

ಬಾವನಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಚೆನ್ನಾಗಿರಲಿ, ಚಿಕ್ಕಮ್ಮ ಕೇಳಿದಳು ಅಂತ ಹೇಳು.

ನಿನ್ನ ಜಗಳಗಂಟಿ ತಂಗಿ

ತಾ.ಕ.: ಇನ್ನು ಹದಿನೈದು ದಿನಕ್ಕೆ ನನಗೇ ಆಪರೇಷನ್. ತಲೆಯಲ್ಲಿ ಗಡ್ಡೆಯಂತೆ. ‘ಎಚ್ಚರ ಬರೋದು ತಡವಾದರೆ ನಿಮ್ಮ ಪರವಾಗಿ ಯಾರನ್ನು ಕೇಳೋಣ?’ ಅಂದರು. ಯೋಚನೆ ಕೂಡ ಮಾಡಲಿಲ್ಲ, ‘ನಮ್ಮಕ್ಕ’ ಅಂದೆ. ಫೋನ್ ನಂಬರ್ ಕೇಳಿದರು. ನೀನು ನಂಬರ್ ಬದಲಾಯಿಸಿದ್ದೀಯಂತೆ, ನನ್ನ ಹತ್ತಿರ ಇಲ್ಲ. ಆಮೇಲೆ ಕೊಡ್ತೀನಿ ಅಂತ ಹೇಳಿ ಬಂದಿದ್ದೀನಿ.