ಒಳಗೆ ನೀನಿದ್ದೆ

ಔರಾದ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ನವೊಮಿಗೆ,

ಕರ್ತನು ನಿನ್ನನ್ನೂ ಮಕ್ಕಳನ್ನೂ ಕಾಯಲಿ. ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಮುನಿಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೂ ಒಡೆದು ಓದುತ್ತೀಯೆಂದು ಕುಳಿತೆ.

ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಮಕ್ಕಳ ಗದ್ದಲದಲ್ಲಿ ಹೊತ್ತು ಹೋಗುತ್ತದೆ. ಮನೆಗೆ ಬಂದರೆ ಮಾತ್ರ ಕೈಕಾಲು ಆಡುವುದಿಲ್ಲ. ನಮ್ಮ ಮನೆಯವರು ಇದ್ದಾಗ, ನಳಕ್ಕೆ ನೀರು ಬಂದರೆ ಅಮೋಸ ಅವರೇ ಏಳುತ್ತಿದ್ದರು. ಈಗ ನೀರು ಬಂದು ಹೋದದ್ದೂ ನನಗೆ ತಿಳಿಯುವುದಿಲ್ಲ.

ಅವರನ್ನು ಮಣ್ಣು ಮಾಡಿದ ದಿನ ನನ್ನ ಮೈದುನನ ಮಗ ಪ್ರಿನ್ಸ ಆಡಿದ ಮಾತು ನಿನಗೆ ನಾಟಿದೆ, ಗೊತ್ತು. "ಆಂಟಿ, ಮಿದುಳಿನ ರಕ್ತದ ಗಡ್ಡಿಗೆ ಮೊದ್ಲೇ ತಂತಿ ಜಾಳಗಿ ಹಾಕಿಸಿದ್ರ ನಮ್ಮ ದೊಡ್ಡಪ್ಪ ಉಳೀತಿದ್ದ. ನೀವು ಅಲ್ಲೇ ಇದ್ದು ಪೈಪ್ ಯಾಕ ಹಾಕ್ಲಿಕ್ಕ ಬಿಟ್ರಿ?" ಎಂದು ನಿನಗೇ ಅಂದುಬಿಟ್ಟ. ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ ಡಾಕ್ಟರಾಗಿದ್ದ, ಪುಣ್ಯಾತ್ಮ! ನೀನು ಊಟಕ್ಕೂ ನಿಲ್ಲದೆ ಹೈದರಾಬಾದ್ ಬಸ್ಸು ಹತ್ತಿದೆ. ಭಾಲ್ಕಿಯಲ್ಲಿ ಅವರಿಗೆ ಲಕ್ವಾ ಹೊಡೆದು, ಬೀದರಿನಲ್ಲಿ ಸ್ಕ್ಯಾನ್ ಮಾಡಿದಾಗ, "ಸೀದಾ ಹೈದರಾಬಾದಿಗೆ ನಮ್ಮ ದವಾಖಾನಿಗೇ ಕರಕೊಂಡ್ ಬಾ" ಎಂದವಳು ನೀನು. ಒಳಗೆ ಡಾಕ್ಟರ ಪಕ್ಕ ನಿಂತ ನರ್ಸೂ ನೀನೇ. ಆ ಮಾತು ಸುಡದೆ ಇರುತ್ತದೆಯೇ?

ಹೋದ ವಾರ ನಿಮ್ಮ ದವಾಖಾನೆಗೆ ಹೋಗಿ, ಅವರಿಗೆ ಚಿಕಿತ್ಸೆ ಮಾಡಿದ ಡಾಕ್ಟರ್ ಆಯೆಶಾ ಅವರನ್ನೇ ಕೇಳಿದೆ. ನೀನು ರಜೆಯಲ್ಲಿದ್ದೆಯಂತೆ. ಡಾಕ್ಟರೂ ಬೀದರಿನವರಲ್ಲವೇ, ನಮ್ಮ ಮಾತಿನಲ್ಲೇ ಬಿಡಿಸಿ ಹೇಳಿದರು. "ಟೀಚರ್, ಹೆಪ್ಪುಗಟ್ಟಿದ ರಕ್ತದ ಗಡ್ಡಿ ತೆಗೀಲಿಕ್ಕ ಎರಡು ದಾರಿ ಅದಾವರಿ. ನಳಿಗಿ ಹಚ್ಚಿ ಹೀರೋದು, ಇಲ್ಲಾ ತಂತಿ ಜಾಳಗಿ ಬಿಚ್ಚಿ ಹಿಡಿದು ಎಳಿಯೋದು. ಇವರಿಗೆ ಹೀರೋದೇ ಛಲೋ ಅನಿಸ್ತು, ಅದು ನನ್ನ ನಿರ್ಧಾರ. ಒಂದು ತುಣುಕು ಮುರಿದು ಮುಂದ ಹೋಯ್ತು. ಆಮ್ಯಾಲ ಜಾಳಗೀನೂ ಹಾಕಿದೆ. ಅದನ್ನೇ ಮೊದಲ ಹಾಕಿದ್ರ ಉಳೀತಿದ್ರು ಅಂತ ಯಾರೂ ಎದಿ ತಟ್ಟಿ ಹೇಳ್ಲಿಕ್ಕ ಆಗಂಗಿಲ್ಲರಿ." ಆಮೇಲೆ ಮಿದುಳು ಬಾತು, ಅವರು ಕಣ್ಣು ತೆರೆಯಲಿಲ್ಲ.

ಇದನ್ನೆಲ್ಲ ಪ್ರಿನ್ಸನಿಗೆ ಹೇಳಿದೆ. ತಲೆ ತಗ್ಗಿಸಿದ. ನವೊಮಿ, ನಿನ್ನ ಮೇಲೆ ನನಗೆ ಕಾಳಷ್ಟೂ ಸಿಟ್ಟಿಲ್ಲ. ಬೀದರಿನ ಹಾಸ್ಟೆಲಿನಲ್ಲಿ ಒಂದೇ ತಾಟಿನಲ್ಲಿ ಉಂಡವರು ನಾವು. ಗಂಡನ ಹಿಂದೆ ನಿನ್ನನ್ನೂ ಕಳೆದುಕೊಂಡರೆ ನಾನು ಬದುಕುವುದು ಹೇಗೆ? ಕ್ರಿಸ್ಮಸ್ಸಿಗೆ ಬಾ.

ನಿನ್ನ ಕೈಗಳ ಮೇಲೆ ದೇವರ ಕೃಪೆ ಇರಲಿ. ಅವು ಇನ್ನೆಷ್ಟೋ ಮನೆಗಳನ್ನು ಉಳಿಸಲಿ.

ನಿನ್ನ
ಪರ್ಲ

ತಾ.ಕ.: ಬರೆದದ್ದೆಲ್ಲ ನಿಜ. ಆದರೆ ಕೇಳಬೇಕಾದದ್ದು ಬೇರೆಯೇ ಇದೆ. ಅವತ್ತು ಮುಂಜಾನೆ ಭಾಲ್ಕಿಯಲ್ಲಿ ನನಗೂ ಅವರಿಗೂ ಜಗಳವಾಗಿತ್ತು. ಆಂಬುಲೆನ್ಸಿನಲ್ಲಿ ನಾನು ಅವರ ಎಡಕ್ಕೆ, ಲಕ್ವಾ ಹೊಡೆದ ಬದಿಗೆ ಕುಳಿತಿದ್ದೆ. ದಾರಿಯುದ್ದಕ್ಕೂ ನನ್ನ ಕಡೆ ತಿರುಗಲೇ ಇಲ್ಲ. ಲಕ್ವಾದಿಂದಲೋ ಸಿಟ್ಟಿನಿಂದಲೋ, ನನಗೆ ತಿಳಿಯಲಿಲ್ಲ. ಆಪರೇಷನ್ ಕೋಣೆಯ ಒಳಗೆ ಅವರಿಗೆ ಎಚ್ಚರವಿತ್ತು, ತೊದಲುತ್ತ ಏನೋ ಹೇಳುತ್ತಿದ್ದರು, ತಲೆಯ ಹತ್ತಿರ ನೀನಿದ್ದೆ ಎಂದು ಡಾಕ್ಟರ್ ಹೇಳಿದರು. ನಳಿಗೆ, ಜಾಳಿಗೆಯ ವಿಷಯ ಎಲ್ಲರೂ ಹೇಳಿದರು. ಅವರು ಏನಂದರು ಎಂದು ಯಾರೂ ಹೇಳಲಿಲ್ಲ. ನನ್ನನ್ನು ಕೇಳಿದರೇ? ಬೈದಿದ್ದರೂ ಬರಿ. ನನ್ನ ಹೆಸರೇ ಎತ್ತಲಿಲ್ಲವೆಂದರೆ, ನವೊಮಿ, ಅದನ್ನೂ ಬರಿ.