ಕಾಲುಪಟ್ಟಿಯ ಅರ್ಥ

ಮಾರ್ಚ್ ೧೦, ಶನಿವಾರ

ಪ್ರೀತಿಯ ಚಿನಕುರಳಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರವಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಕ್ಷಮಿಸು. ಬರೆಯಲು ಕೂತಾಗಲೆಲ್ಲ ಕಾಗದ ಮಡಚಿಟ್ಟು ಎದ್ದುಬಿಡುತ್ತಿದ್ದೆ. ಯಾಕೆಂದು ಮೊದಲೇ ಹೇಳಿಬಿಡುತ್ತೇನೆ, ನಿಂತಿದ್ದರೆ ಕುಳಿತುಕೋ.

ನಿಮ್ಮಣ್ಣನ ಎಡಗಾಲು ಸುಟ್ಟಿದೆ. ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವಾಗ ಅದು ಸಿಡಿದು ಮೊಣಕಾಲಿನವರೆಗೆ ಕಟ್ಟಿಕೊಳ್ಳುವ ತೊಗಲಿನ ಕಾಲುಪಟ್ಟಿಯೊಳಗೆ ಇಳಿಯಿತು. ಜೀವಕ್ಕೆ ಭಯವಿಲ್ಲ. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದ್ದಾರೆ. ಅದು ಹಿಡಿದಿದೆಯೋ ಇಲ್ಲವೋ ಎಂದು ಬರುವ ಶುಕ್ರವಾರ ಬಿಚ್ಚಿ ನೋಡುತ್ತಾರೆ. ಹಿಡಿಯದಿದ್ದರೆ ಕಾಲು ತೆಗೆಯಬೇಕಾಗಬಹುದಂತೆ. "ಅವಳಿಗೆ ಹೇಳ್ಬೇಡಮ್ಮ, ಕೆಲಸ ಬಿಟ್ಟು ಓಡಿ ಬರ್ತಾಳೆ" ಎಂದು ಅವನು ನನ್ನ ಬಾಯಿ ಕಟ್ಟಿಹಾಕಿದ್ದ.

ನಿನ್ನ ನಿಘಂಟು ಕಚೇರಿಗೆಂದು ಕಾಲುಪಟ್ಟಿಯ ಅರ್ಥ ಕೇಳಿದ್ದೆಯಲ್ಲ, ಆ ವಿಷಯ. ಜಂಘೆ ಎಂದರೆ ಮೊಣಕಾಲಿನ ಕೆಳಗಿನ ಭಾಗ, ತ್ರಾಣ ಎಂದರೆ ಕಾಪಾಡುವುದು, ಹಾಗಾಗಿ ಜಂಘಾತ್ರಾಣ, ಸಂಸ್ಕೃತದಿಂದ ಬಂದದ್ದು ಎಂದು ನೀನು ಬರೆದಿದ್ದೆ. ಅದನ್ನು ಕಾರ್ಖಾನೆಯ ನಮ್ಮ ಹೊಲಿಗೆ ಷೆಡ್ಡಿನಲ್ಲಿ ಓದಿ ಹೇಳಿದೆ. ಪಕ್ಕದ ಮಿಷಿನ್ನಿನ ಅಜ್ಜಿ, "ಇಷ್ಟುದ್ದ ಹೆಸರು ಹೇಳಿ ಮುಗಿಸೋಷ್ಟರಲ್ಲಿ ಕಾಲು ಬೂದಿಯಾಗಿರುತ್ತೆ ಬಿಡು" ಎಂದಳು. ಎಲ್ಲರೂ ನಕ್ಕೆವು. ಅದಾದ ಎರಡನೇ ದಿನ ಅಣ್ಣನಿಗೆ ಹೀಗಾಯಿತು.

ಇಲ್ಲಿ ಎಲ್ಲರ ಬಾಯಲ್ಲೂ ಅದು ಕಾಲುಪಟ್ಟಿಯೇ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು, ಹಿಂದೆ ದಪ್ಪ ಬಟ್ಟೆಯ ಪಟ್ಟಿಯನ್ನೇ ಪಾದದ ಗಂಟಿನಿಂದ ಮೊಣಕಾಲಿನವರೆಗೆ ಸುತ್ತಿಕೊಳ್ಳುತ್ತಿದ್ದರಂತೆ. ಬಟ್ಟೆ ಹೋಗಿ ತೊಗಲು ಬಂತು, ಹೆಸರು ಹಾಗೇ ಉಳಿಯಿತು. ಆದರೆ ಅರ್ಥ ಬರೆಯುವಾಗ 'ಕಾಲಿನ ರಕ್ಷಾಕವಚ' ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡ. ಒಳಗೆ ಬೆಂಕಿ ಇಳಿದರೆ ಒಂದೇ ಎಳೆತಕ್ಕೆ ಕಳಚಿ ಬರಬೇಕು ಎಂದೂ ಸೇರಿಸು. ಹೊಸದನ್ನು ಹೊಲಿದಾಗ ನಮ್ಮ ಕಾಲಿಗೇ ಕಟ್ಟಿಕೊಂಡು, ಪಕ್ಕದವಳು ಎರಡು ಎಣಿಸುವುದರೊಳಗೆ ಕಿತ್ತು ನೋಡುವುದು ನಮ್ಮ ಷೆಡ್ಡಿನ ಪದ್ಧತಿ. ಬರದಿದ್ದರೆ ಅದು ಕಾಲುಪಟ್ಟಿಯಲ್ಲ, ಕಾಲಿಗೆ ಸುತ್ತಿಕೊಂಡ ಒಲೆ.

ನಿನ್ನೆ ಕಾರ್ಖಾನೆಯ ಮೇಲ್ವಿಚಾರಕರು ಆಸ್ಪತ್ರೆಗೆ ಬಂದಿದ್ದರು. "ಯಾಕಪ್ಪಾ ಬೇಗ ಬಿಚ್ಚಲಿಲ್ಲ?" ಎಂದು ಕೇಳಿದರು. "ನಂದೇ ತಪ್ಪು ಸಾರ್. ಬಿಗಿಯಾಗಿ ಕಟ್ಕೊಂಡಿದ್ದೆ, ಗಾಬರೀಲಿ ಕೈ ಓಡ್ಲಿಲ್ಲ" ಎಂದ ನಿಮ್ಮಣ್ಣ. ಅವರು ಬರೆದುಕೊಂಡು ಹೋದರು. ಅವನದೇ ಅಜಾಗರೂಕತೆ ಎಂದು ತೀರ್ಮಾನವಾದರೆ ಕಾಲು ಉಳಿದರೂ ಕೆಲಸ ಉಳಿಯುವುದಿಲ್ಲವಂತೆ. ಆಗಿನಿಂದ ದಾರಿಯಲ್ಲಿ ಯಾರಾದರೂ ಕರೆದರೆ ತಿರುಗಿ ನೋಡದೆ ನಡೆದುಬಿಡುತ್ತೇನೆ.

ನೀನು ಪುಸ್ತಕದಲ್ಲಿ ಮುಳುಗಿ ಊಟ ಮರೆಯಬೇಡ. ಕಣ್ಣು ಪರೀಕ್ಷೆ ಮಾಡಿಸಿಕೋ ಎಂದು ಎಷ್ಟು ಸಲ ಹೇಳಲಿ? ನಿನಗೆ ಎಲ್ಲ ಒಳ್ಳೆಯದಾಗಲಿ, ಮಗಳೇ.

ನಿನ್ನ ಅಮ್ಮ

ಮ. ಬಿ.: ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಆ ಕಾಲುಪಟ್ಟಿ ಹೊಲಿದವಳು ನಾನೇ. ಎಳೆದರೆ ಬಿಚ್ಚುವ ಪಟ್ಟಿ ಬೇಗ ಸವೆಯುತ್ತದೆ, ಮಗನದು ನಾಲ್ಕು ಕಾಲ ಬಾಳಲಿ ಎಂದು ಮೂರು ಬಕಲ್ ಹಾಕಿದ್ದೆ. ಕಟ್ಟಿ, ಕಿತ್ತು ನೋಡಲೂ ಇಲ್ಲ. "ಇದು ಬೇಗ ಬಿಚ್ಚಲ್ಲಮ್ಮ" ಎಂದ. "ನಂಗೇ ಕಸುಬು ಕಲಿಸ್ತೀಯಾ?" ಎಂದು ಗದರಿ ಕಳಿಸಿದೆ. ಅವನು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಾಗ ನಾನು ಮಂಚದ ಪಕ್ಕದ ಸ್ಟೂಲಿನ ಮೇಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಇವತ್ತು ಎರಡು ಸಲ ಮೇಲ್ವಿಚಾರಕರ ಕೋಣೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ನೀನು ಬಂದು ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋಗೇ.